4294967297: ಐದನೆಯ ಫರ್ಮಾ ಸಂಖ್ಯೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡರ ಮೂವತ್ತೆರಡನೆಯ ಘಾತಕ್ಕೆ ಒಂದನ್ನು ಕೂಡಿಸಿದರೆ ಬರುವ ಸಂಖ್ಯೆ 4294967297. ಇದು ಅವಿಭಾಜ್ಯವೆಂದು ಗಣಿತಜ್ಞ ಫರ್ಮಾ ನಂಬಿದ್ದರು, ಅಲ್ಲವೆಂದು ಅವರ ನಂತರ ಬಂದ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟರು. ಸಂಖ್ಯಾಸಿದ್ಧಾಂತವನ್ನು ಸ್ವಲ್ಪ ಓದಿದವರಿಗೂ ಇಷ್ಟು ಕಥೆ ಗೊತ್ತಿರುತ್ತದೆ. ಕಥೆಗಿಂತ ಹೆಚ್ಚು ಗಮನಿಸಬೇಕಾದ ಸಂಗತಿಯೆಂದರೆ, ಈ ಸಂಖ್ಯೆಯ ಮುಖ್ಯ ಗುಣಗಳೆಲ್ಲ 2³² + 1 ಎಂಬ ಅದರ ರೂಪದಿಂದಲೇ ಹೊರಡುತ್ತವೆ, ದೊಡ್ಡ ಲೆಕ್ಕಗಳ ಅಗತ್ಯ ಬಹಳ ಕಡಿಮೆ. ಕೆಳಗಿನ ಉತ್ತರಗಳನ್ನು ಅನುಸರಿಸಲು ಪ್ರೌಢಶಾಲೆಯ ಗಣಿತ ಮತ್ತು ಸ್ವಲ್ಪ ತಾಳ್ಮೆ ಸಾಕು. ಒಂದು ಸಂಖ್ಯೆಯನ್ನು ಭಾಗಿಸಿದಾಗ ಭಾಜಕಕ್ಕಿಂತ ಒಂದು ಕಡಿಮೆ ಶೇಷ ಉಳಿದರೆ, ಶೇಷ −1 ಎಂದು ಬರೆಯುವ ರೂಢಿಯನ್ನು ಇಲ್ಲಿ ಉದ್ದಕ್ಕೂ ಪಾಲಿಸಲಾಗಿದೆ.

ಈ ಸಂಖ್ಯೆಯನ್ನು ಹೇಗೆ ಓದಬೇಕು, ಅದರ ಹೊರನೋಟದ ಲಕ್ಷಣಗಳೇನು?

ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಅಂಕಿಗಳ ಮೊತ್ತ 59 ಆದ್ದರಿಂದ 3ರಿಂದ ಭಾಗವಾಗುವುದಿಲ್ಲ. ಕೊನೆಯ ಅಂಕಿ 7 ಆದ್ದರಿಂದ 2 ಮತ್ತು 5ರಿಂದಲೂ ಭಾಗವಾಗುವುದಿಲ್ಲ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಎರಡು ತುದಿಗಳಲ್ಲಿ ಒಂದೊಂದು 1, ನಡುವೆ ಮೂವತ್ತೊಂದು ಸೊನ್ನೆಗಳು ಇರುತ್ತವೆ.

ಘಾತಾಂಕ 32 ಆಗಿರುವುದಕ್ಕೆ ವಿಶೇಷ ಕಾರಣವಿದೆಯೇ?

ಇದೆ. ಎರಡರ ಯಾವುದಾದರೂ ಘಾತಕ್ಕೆ ಒಂದನ್ನು ಕೂಡಿಸಿ ಅವಿಭಾಜ್ಯ ಸಂಖ್ಯೆಯನ್ನು ಪಡೆಯಬೇಕಾದರೆ, ಆ ಘಾತಾಂಕಕ್ಕೆ 1ನ್ನು ಬಿಟ್ಟು ಬೇರೆ ಬೆಸ ಅಪವರ್ತನ ಇರಬಾರದು. ಉದಾಹರಣೆಗೆ 2³³ + 1 ಎಂಬುದು 2¹¹ರ ಘನಕ್ಕೆ ಒಂದನ್ನು ಕೂಡಿಸಿದ್ದು. ಎರಡು ಘನಗಳ ಮೊತ್ತದ ಸೂತ್ರದಂತೆ ಅದು 2¹¹ + 1ರಿಂದ, ಅಂದರೆ 2049ರಿಂದ, ಭಾಗವಾಗಲೇಬೇಕು. ಬೆಸ ಅಪವರ್ತನವಿಲ್ಲದ ಘಾತಾಂಕಗಳೆಂದರೆ 1, 2, 4, 8, 16, 32 ಮುಂತಾದ ಎರಡರ ಘಾತಗಳೇ. ಇವುಗಳಿಂದ ಬರುವ 3, 5, 17, 257, 65537, 4294967297 ಎಂಬ ಸಾಲಿಗೆ ಫರ್ಮಾ ಸಂಖ್ಯೆಗಳೆಂದು ಹೆಸರು. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುದರಿಂದ ಸಾಲಿನಲ್ಲಿ ಆರನೆಯದಾದ ನಮ್ಮ ಸಂಖ್ಯೆಯನ್ನು ಐದನೆಯ ಫರ್ಮಾ ಸಂಖ್ಯೆ ಎನ್ನುತ್ತಾರೆ.

ಘಾತಾಂಕ ಎರಡರ ಘಾತವಾಗಿರುವುದು ಅವಿಭಾಜ್ಯತೆಗೆ ಅಗತ್ಯವಾದ ಷರತ್ತೇ ಹೊರತು ಸಾಕಾಗುವ ಷರತ್ತಲ್ಲ. ಈ ಎರಡರ ನಡುವಿನ ಅಂತರವನ್ನು ಮೊದಲು ಬಯಲಿಗೆ ತಂದದ್ದು 4294967297.

ಫರ್ಮಾ ನಿಜವಾಗಿ ಹೇಳಿದ್ದೇನು?

ಪಿಯರ್ ದ ಫರ್ಮಾ ಅವರು 1640ರಲ್ಲಿ ಬರೆದ ಪತ್ರದಲ್ಲಿ ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯವೆಂಬ ತಮ್ಮ ನಂಬಿಕೆಯನ್ನು ತಿಳಿಸಿದರು. ಅದರ ಸಾಧನೆ, ಅಂದರೆ ಗಣಿತದ ರುಜುವಾತು, ತಮ್ಮ ಬಳಿ ಇಲ್ಲವೆಂಬುದನ್ನೂ ಒಪ್ಪಿಕೊಂಡಿದ್ದರು. ಮೊದಲ ಐದು ಸಂಖ್ಯೆಗಳು, ಅಂದರೆ 3ರಿಂದ 65537ರವರೆಗಿನವು, ನಿಜಕ್ಕೂ ಅವಿಭಾಜ್ಯವೇ. ಅಚ್ಚರಿಯ ವಿಷಯವೆಂದರೆ, ಆರನೆಯದನ್ನು ಒಡೆಯಲು ಬೇಕಾದ ಸಾಧನ, ಇಂದು ನಾವು ಫರ್ಮಾ ಅವರ ಚಿಕ್ಕ ಪ್ರಮೇಯವೆಂದು ಕರೆಯುವ ಫಲಿತಾಂಶ, ಅದೇ ವರ್ಷದ ಅವರ ಪತ್ರವೊಂದರಲ್ಲೇ ಇದೆ. ಆ ಪ್ರಮೇಯವನ್ನು ಈ ಸಂಖ್ಯೆಗೆ ಅನ್ವಯಿಸಿ ಒಂದಷ್ಟು ಭಾಗಾಕಾರಗಳನ್ನು ಮಾಡಿದ್ದರೆ ನಂಬಿಕೆ ಅಲ್ಲೇ ಬಿದ್ದುಹೋಗುತ್ತಿತ್ತು.

ಹಾಗಾದರೆ ಇದರ ಅಪವರ್ತನಗಳು ಯಾವುವು?

4294967297 = 641 × 6700417. ಎರಡೂ ಅವಿಭಾಜ್ಯ ಸಂಖ್ಯೆಗಳು. 1729ರ ಕೊನೆಯಲ್ಲಿ ಕ್ರಿಸ್ಟಿಯಾನ್ ಗೋಲ್ಡ್‌ಬಾಖ್ ಅವರು ಪತ್ರದ ಮೂಲಕ ಫರ್ಮಾ ಅವರ ಹೇಳಿಕೆಯತ್ತ ಲಿಯೊನಾರ್ಡ್ ಆಯ್ಲರ್ ಅವರ ಗಮನ ಸೆಳೆದರು. ಆರಂಭದಲ್ಲಿ ಅಷ್ಟೇನೂ ಆಸಕ್ತಿ ತೋರದ ಆಯ್ಲರ್ 1732ರಲ್ಲಿ 641 ಎಂಬ ಅಪವರ್ತನವನ್ನು ಪ್ರಕಟಪಡಿಸಿದರು.

ದೊಡ್ಡ ಗುಣಾಕಾರ ಮಾಡದೆ 641ರಿಂದ ಭಾಗವಾಗುತ್ತದೆಂದು ತೋರಿಸಬಹುದೇ?

ತೋರಿಸಬಹುದು, ಅದೂ ನಾಲ್ಕು ಸಾಲುಗಳಲ್ಲಿ. 641ನ್ನು ಎರಡು ಬಗೆಯಲ್ಲಿ ಬರೆಯಬಹುದೆಂಬುದೇ ಇದರ ಕೀಲಿ: ಒಂದು ಕಡೆ 641 = 5 × 2⁷ + 1, ಇನ್ನೊಂದು ಕಡೆ 641 = 5⁴ + 2⁴, ಅಂದರೆ 625 + 16. ಮೊದಲನೆಯದರ ಪ್ರಕಾರ 5 × 2⁷ನ್ನು 641ರಿಂದ ಭಾಗಿಸಿದಾಗ ಶೇಷ −1. ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ನ್ನು ಇಡಬಹುದು. ಇಟ್ಟರೆ −2³²ರ ಶೇಷ 1 ಆಗುತ್ತದೆ, ಅಂದರೆ 2³²ರ ಶೇಷ −1. ಅದಕ್ಕೆ ಒಂದನ್ನು ಕೂಡಿಸಿದರೆ ಶೇಷ ಸೊನ್ನೆ.

ಈ ಸಾಧನೆ ಚಂದದ್ದೆಂಬುದರಲ್ಲಿ ಸಂದೇಹವಿಲ್ಲ, ಆದರೆ 641 ಎಲ್ಲಿಂದ ಬಂತೆಂಬುದನ್ನು ಅದು ಹೇಳುವುದಿಲ್ಲ. ಉತ್ತರ ಮೊದಲೇ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ದಾರಿ ಇದು. ಹುಡುಕುವ ದಾರಿ ಬೇರೆಯೇ, ಅದು ಇದಕ್ಕಿಂತ ಹೆಚ್ಚು ಕಲಿಸುತ್ತದೆ.

641 ಸಿಕ್ಕಿದ್ದು ಹೇಗೆ? ಎಲ್ಲ ಅವಿಭಾಜ್ಯಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಯಿತೇ?

ಇಲ್ಲ. ನಮ್ಮ ಸಂಖ್ಯೆಯ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯ ಸಂಖ್ಯೆಗಳಿವೆ. ಕುರುಡಾಗಿ ಹೊರಟರೂ 641 ಸಿಗುತ್ತಿತ್ತು, ಏಕೆಂದರೆ ಅದು 116ನೆಯ ಅವಿಭಾಜ್ಯ. ಆದರೆ ಅದಕ್ಕೂ ಮೊದಲು 115 ಅವಿಭಾಜ್ಯಗಳನ್ನು ಪರೀಕ್ಷಿಸಿ ಕೈಬಿಡಬೇಕಾಗುತ್ತಿತ್ತು. ಆಯ್ಲರ್ ಮುಂದೆ ವಿವರಿಸಿದ ವಿಧಾನದಲ್ಲಿ ಈ ಶ್ರಮ ಐದು ಭಾಗಾಕಾರಗಳಿಗೆ ಇಳಿಯುತ್ತದೆ.

ತರ್ಕ ಹೀಗಿದೆ. ‘ಅ’ ಎಂಬ ಅವಿಭಾಜ್ಯವು 2³² + 1ನ್ನು ಭಾಗಿಸುತ್ತದೆಂದು ಇಟ್ಟುಕೊಳ್ಳೋಣ. ಆಗ ‘ಅ’ದಿಂದ ಭಾಗಿಸಿದಾಗ 2³²ರ ಶೇಷ −1, ಅದನ್ನು ವರ್ಗ ಮಾಡಿದರೆ 2⁶⁴ರ ಶೇಷ 1. ಎರಡರ ಘಾತಗಳಲ್ಲಿ ಶೇಷ 1 ಮೊದಲ ಬಾರಿಗೆ ಕಾಣಿಸಿಕೊಳ್ಳುವ ಘಾತಾಂಕ ಯಾವುದು? ಶೇಷಗಳು ಆವರ್ತಿಸುತ್ತವೆಯಾದ್ದರಿಂದ ಅದು 64ನ್ನು ಭಾಗಿಸಲೇಬೇಕು. ಹಾಗೆಂದು ಅದು 32 ಆಗಲಾರದು, 32ರ ಅಪವರ್ತನವೂ ಆಗಲಾರದು, ಏಕೆಂದರೆ ಹಾಗಾಗಿದ್ದರೆ 2³²ರ ಶೇಷ −1 ಆಗದೆ 1 ಆಗಿರುತ್ತಿತ್ತು. ಹೀಗಾಗಿ ಅದು 64 ಮಾತ್ರ. ಇನ್ನೊಂದೆಡೆ, ಎರಡರ ‘ಅ − 1’ನೆಯ ಘಾತದ ಶೇಷವೂ 1 ಎನ್ನುತ್ತದೆ ಫರ್ಮಾ ಅವರ ಚಿಕ್ಕ ಪ್ರಮೇಯ. ಎರಡನ್ನೂ ಜೋಡಿಸಿದರೆ ‘ಅ − 1’ ಎಂಬುದು 64ರ ಅಪವರ್ತ್ಯ ಎಂದಾಗುತ್ತದೆ. ಅಂದರೆ ಈ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 64ಕ + 1 ಎಂಬ ರೂಪದಲ್ಲಿಯೇ ಇರಬೇಕು. ಇಲ್ಲಿ ‘ಕ’ ಒಂದು ಪೂರ್ಣಸಂಖ್ಯೆ.

ಈಗ ಪಟ್ಟಿ ಮಾಡೋಣ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯವಾದವು 193, 257, 449, 577 ಮತ್ತು 641 ಮಾತ್ರ. ಐದನೆಯ ಪ್ರಯತ್ನದಲ್ಲೇ ಉತ್ತರ ಕೈಗೆ ಬರುತ್ತದೆ.

ಈ ಷರತ್ತನ್ನು ಇನ್ನೂ ಬಿಗಿಗೊಳಿಸಬಹುದೇ?

ಬಿಗಿಗೊಳಿಸಬಹುದು. ಅದನ್ನು ಮಾಡಿದವರು ಎದುವಾರ್ ಲ್ಯೂಕಾ, 1878ರಲ್ಲಿ. ‘ಅ’ 64ಕ + 1 ರೂಪದ್ದಾದ್ದರಿಂದ ಅದನ್ನು 8ರಿಂದ ಭಾಗಿಸಿದಾಗ ಶೇಷ 1. ಅಂಥ ಅವಿಭಾಜ್ಯಗಳ ಶೇಷಗಣಿತದಲ್ಲಿ 2 ಒಂದು ವರ್ಗಸಂಖ್ಯೆಯಂತೆ ವರ್ತಿಸುತ್ತದೆ, ಅಂದರೆ ಯಾವುದೋ ಸಂಖ್ಯೆಯ ವರ್ಗದ ಶೇಷ 2 ಆಗಿರುತ್ತದೆ. ಎರಡಕ್ಕೆ 64 ಹೆಜ್ಜೆಗಳ ಆವರ್ತವಿದ್ದರೆ ಅದರ ಈ ವರ್ಗಮೂಲಕ್ಕೆ 128 ಹೆಜ್ಜೆಗಳ ಆವರ್ತ ಇರಬೇಕು. ಆದ್ದರಿಂದ ಅಪವರ್ತನಗಳು 128ಕ + 1 ರೂಪದವೇ ಆಗಿರುತ್ತವೆ. ನಿಜಕ್ಕೂ 641 = 128 × 5 + 1, 6700417 = 128 × 52347 + 1.

ಈ ಹೊಸ ಪಟ್ಟಿಯಲ್ಲಿ 641ರವರೆಗೆ ಇರುವ ಅವಿಭಾಜ್ಯಗಳು 257 ಮತ್ತು 641 ಎರಡೇ. ಅವುಗಳಲ್ಲಿ 257 ಸ್ವತಃ ಫರ್ಮಾ ಸಂಖ್ಯೆ. ಬೇರೆ ಬೇರೆ ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನವಿರುವುದಿಲ್ಲವಾದ್ದರಿಂದ (ಕಾರಣ ಮುಂದೆ ಇದೆ) ಅದನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಹೀಗೆ ಮೊದಲ ಭಾಗಾಕಾರವೇ 641ರಿಂದ, ಮೊದಲ ಭಾಗಾಕಾರದಲ್ಲೇ ಯಶಸ್ಸು. ಒಂದು ಸಂಖ್ಯೆಯ ರೂಪವನ್ನು ಚೆನ್ನಾಗಿ ಅರಿತರೆ ಲೆಕ್ಕ ಎಷ್ಟು ಕರಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

6700417 ಅವಿಭಾಜ್ಯವೆಂದು ಹೇಗೆ ಖಚಿತವಾಗುತ್ತದೆ?

ಮೇಲಿನ ಷರತ್ತೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. 6700417ರ ಯಾವುದೇ ಅವಿಭಾಜ್ಯ ಅಪವರ್ತನ ಮೂಲಸಂಖ್ಯೆಯನ್ನೂ ಭಾಗಿಸುವುದರಿಂದ ಅದು 128ಕ + 1 ರೂಪದಲ್ಲಿರಬೇಕು, ಮತ್ತು ಸಂಖ್ಯೆ ಸಂಯುಕ್ತವಾಗಿದ್ದರೆ ಅಂಥ ಒಂದು ಅಪವರ್ತನವಾದರೂ ವರ್ಗಮೂಲಕ್ಕಿಂತ, ಅಂದರೆ ಸುಮಾರು 2588ಕ್ಕಿಂತ, ಕೆಳಗೆ ಇರಬೇಕು. ಆ ಮಿತಿಯೊಳಗೆ ಈ ರೂಪದ ಅವಿಭಾಜ್ಯಗಳು ಐದೇ: 257, 641, 769, 1153, 1409. ಇವುಗಳಿಂದ 6700417ನ್ನು ಭಾಗಿಸಿದರೆ ಕ್ರಮವಾಗಿ 170, 44, 120, 334, 622 ಶೇಷ ಉಳಿಯುತ್ತವೆ. ಯಾವುದೂ ಸೊನ್ನೆಯಲ್ಲ, ಆದ್ದರಿಂದ ಸಂಖ್ಯೆ ಅವಿಭಾಜ್ಯ. ಅರವತ್ತೇಳು ಲಕ್ಷವನ್ನು ಮೀರಿದ ಸಂಖ್ಯೆಯ ಅವಿಭಾಜ್ಯತೆಯನ್ನು ಐದು ಭಾಗಾಕಾರಗಳಲ್ಲಿ ಕಾಗದದ ಮೇಲೆ ಸಾಧಿಸಬಹುದು; ಓದುಗರು ಒಮ್ಮೆ ಕೈಯಾರೆ ಮಾಡಿ ನೋಡಲೇಬೇಕೆಂಬುದು ನನ್ನ ಆಗ್ರಹ.

ಇದರ ಒಟ್ಟು ಭಾಜಕಗಳೆಷ್ಟು?

ನಾಲ್ಕು: 1, 641, 6700417 ಮತ್ತು ಸಂಖ್ಯೆಯೇ. ಅವುಗಳ ಮೊತ್ತ 642 × 6700418 = 4301668356. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಕೇವಲ 6701059, ಆದ್ದರಿಂದ ಪರಿಪೂರ್ಣ ಸಂಖ್ಯೆಯ (ಅಂಥ ಮೊತ್ತಕ್ಕೆ ತಾನೇ ಸಮವಾಗಿರುವ ಸಂಖ್ಯೆಯ) ಹತ್ತಿರಕ್ಕೂ ಇದು ಬರುವುದಿಲ್ಲ. ಇದಕ್ಕಿಂತ ಚಿಕ್ಕದಾಗಿದ್ದು ಇದರೊಡನೆ ಸಾಮಾನ್ಯ ಅಪವರ್ತನವಿಲ್ಲದ ಧನಪೂರ್ಣಾಂಕಗಳು 640 × 6700416, ಅಂದರೆ 4288266240.

ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಒಂದು ಬಗೆ ಕಣ್ಣಿಗೆ ನೇರವಾಗಿ ಕಾಣುತ್ತದೆ: 65536² + 1². ಇನ್ನೊಂದು ಬಗೆಯೂ ಇದೆ, ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ: 62264² + 20449². ಬಿಡಿಸಿ ನೋಡಿದರೆ 3876805696 + 418161601 = 4294967297. (ಇಲ್ಲಿ 20449 ಎಂಬುದು ಸ್ವತಃ 143ರ ವರ್ಗವಾಗಿರುವುದು ಇನ್ನೊಂದು ಆಕಸ್ಮಿಕ ಚೆಲುವು.)

ಎರಡನೆಯ ಬಗೆ ಇದೆಯೆಂಬುದಷ್ಟೇ ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ಸಾರಲು ಸಾಕು. ನಾಲ್ಕರಿಂದ ಭಾಗಿಸಿದಾಗ ಶೇಷ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ಬಗೆಯಲ್ಲಿ ಬರೆಯಬಹುದು. ಎರಡು ಬಗೆ ಸಿಕ್ಕರೆ ಸಂಖ್ಯೆ ಸಂಯುಕ್ತ. ಅಷ್ಟೇ ಅಲ್ಲ, ಆ ಎರಡು ಬಗೆಗಳಿಂದಲೇ ಅಪವರ್ತನಗಳನ್ನು ಹೊರತೆಗೆಯಬಹುದು. ಎರಡೂ ಮೊತ್ತಗಳು ಸಮವಾದ್ದರಿಂದ 65536² − 62264² = 20449² − 1². ವರ್ಗಗಳ ವ್ಯತ್ಯಾಸದ ಸೂತ್ರವನ್ನು ಎರಡೂ ಕಡೆ ಹಾಕಿದರೆ 3272 × 127800 = 20448 × 20450. ಈಗ 3272 ಮತ್ತು 20448ರ ಮಹತ್ತಮ ಸಾಮಾನ್ಯ ಅಪವರ್ತನ 8. 127800 ಮತ್ತು 20450ರ ಮಹತ್ತಮ ಸಾಮಾನ್ಯ ಅಪವರ್ತನ 50. ಇವುಗಳ ಅರ್ಧ 4 ಮತ್ತು 25. ಅವುಗಳ ವರ್ಗಗಳ ಮೊತ್ತ 16 + 625 = 641. ಅಪವರ್ತನವನ್ನು ಹುಡುಕದೆಯೇ ಅದು ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಇದರ ಹಿಂದಿರುವುದು ಬ್ರಹ್ಮಗುಪ್ತರು 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕಾಣುವ ಭಾವನಾ ಸೂತ್ರದ ಒಂದು ರೂಪ: ಎರಡು ವರ್ಗಗಳ ಮೊತ್ತವಾಗಿರುವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವ ಗುಣಲಬ್ಧವೂ ಎರಡು ವರ್ಗಗಳ ಮೊತ್ತವೇ, ಮತ್ತು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ನಮ್ಮ ಸಂದರ್ಭದಲ್ಲಿ 641 = 25² + 4², 6700417 = 2556² + 409². ಒಂದು ಬಗೆಯಲ್ಲಿ ಜೋಡಿಸಿದರೆ 25 × 2556 + 4 × 409 = 65536, 25 × 409 − 4 × 2556 = 1. ಚಿಹ್ನೆಗಳನ್ನು ಅದಲುಬದಲು ಮಾಡಿದರೆ 25 × 2556 − 4 × 409 = 62264, 25 × 409 + 4 × 2556 = 20449. 25 × 409 = 10225, 4 × 2556 = 10224; ಇವೆರಡರ ನಡುವೆ ಒಂದರಷ್ಟೇ ವ್ಯತ್ಯಾಸ ಇರುವುದರಿಂದಲೇ ಮೊದಲ ಬಗೆಯ ಕೊನೆಯಲ್ಲಿ ಆ ‘+ 1’ ಉಳಿದುಕೊಂಡಿದೆ. ಈ ಸಂಖ್ಯೆಯ ಬಗ್ಗೆ ತಿಳಿಯಬೇಕಾದವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಅಪವರ್ತನ ಗೊತ್ತಿಲ್ಲದೆಯೇ ಒಂದು ಫರ್ಮಾ ಸಂಖ್ಯೆ ಸಂಯುಕ್ತವೆಂದು ನಿರ್ಧರಿಸಬಹುದೇ?

ನಿರ್ಧರಿಸಬಹುದು, ಆದರೆ ಪರೀಕ್ಷೆಯನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಸಾಮಾನ್ಯವಾಗಿ ಮೊದಲು ಮಾಡುವ ಪರೀಕ್ಷೆಯೆಂದರೆ, ಎರಡನ್ನು ‘ಸಂಖ್ಯೆ ಕಳೆ ಒಂದು’ ಎಂಬ ಘಾತಕ್ಕೆ ಏರಿಸಿ ಶೇಷ 1 ಬರುತ್ತದೆಯೇ ಎಂದು ನೋಡುವುದು. ಅವಿಭಾಜ್ಯವಾದರೆ 1 ಬರಲೇಬೇಕು. 4294967297 ಈ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ: 2⁶⁴ರ ಶೇಷ 1, ಮತ್ತು ಇಲ್ಲಿನ ಘಾತಾಂಕವಾದ 2³² ಎಂಬುದು 64ರ ಅಪವರ್ತ್ಯ. ಇದೇ ಪರೀಕ್ಷೆಯ ಕಠಿಣ ರೂಪವಾದ ಮಿಲ್ಲರ್–ರಾಬಿನ್ ಪರೀಕ್ಷೆಯನ್ನೂ ಎರಡನ್ನೇ ಆಧಾರವಾಗಿಟ್ಟುಕೊಂಡರೆ ಅದು ದಾಟುತ್ತದೆ. ಇಂಥವಕ್ಕೆ ಹುಸಿ ಅವಿಭಾಜ್ಯಗಳೆಂದು ಹೆಸರು. ಎಲ್ಲ ಫರ್ಮಾ ಸಂಖ್ಯೆಗಳೂ ಆಧಾರ 2ರ ಪರೀಕ್ಷೆಯನ್ನು ದಾಟುವುದರಿಂದ ಅವುಗಳ ಮಟ್ಟಿಗೆ ಆ ಪರೀಕ್ಷೆ ಏನನ್ನೂ ತಿಳಿಸುವುದಿಲ್ಲ.

ಆಧಾರವನ್ನು ಮೂರಕ್ಕೆ ಬದಲಿಸಿದರೆ ಚಿತ್ರವೇ ಬದಲಾಗುತ್ತದೆ. ಪೆಪಾನ್ ಅವರು 1877ರಲ್ಲಿ ಕೊಟ್ಟ ಪರೀಕ್ಷೆಯ ಪ್ರಕಾರ, 3ನ್ನು ಮೊದಲ್ಗೊಂಡ ಸಾಲಿನಲ್ಲಿ 5 ಮತ್ತು ಅದರಿಂದಾಚೆಗಿನ ಫರ್ಮಾ ಸಂಖ್ಯೆಗಳು ಅವಿಭಾಜ್ಯವಾಗುವುದು, ಮೂರನ್ನು ‘ಸಂಖ್ಯೆ ಕಳೆ ಒಂದರ ಅರ್ಧ’ ಎಂಬ ಘಾತಕ್ಕೆ ಏರಿಸಿದಾಗ ಶೇಷ −1 ಬಂದರೆ, ಮತ್ತು ಬಂದರೆ ಮಾತ್ರ. ನಮ್ಮ ಸಂಖ್ಯೆಗೆ ಆ ಘಾತಾಂಕ 2³¹. ಅಂದರೆ 3ರಿಂದ ಆರಂಭಿಸಿ ಮೂವತ್ತೊಂದು ಬಾರಿ ವರ್ಗ ಮಾಡುತ್ತ, ಪ್ರತಿ ಬಾರಿಯೂ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ ಹೋಗಬೇಕು. ಅವಿಭಾಜ್ಯವಾಗಿದ್ದರೆ ಕೊನೆಯಲ್ಲಿ 4294967296 ಬರಬೇಕಿತ್ತು, ಬರುವುದು 10324303. ಇನ್ನೊಮ್ಮೆ ವರ್ಗ ಮಾಡಿದರೆ ಬರಬೇಕಾದ 1ರ ಬದಲು 3029026160 ಬರುತ್ತದೆ. ಅಪವರ್ತನದ ಸುಳಿವೇ ಇಲ್ಲದೆ ಸಂಖ್ಯೆ ಸಂಯುಕ್ತವೆಂದು ತೀರ್ಮಾನವಾಗುತ್ತದೆ.

ಯಾರಾದರೂ ಇದನ್ನು ಮನಸ್ಸಿನಲ್ಲೇ ಅಪವರ್ತಿಸಿದ್ದಾರೆಯೇ?

1804ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಝೆರಾ ಕೋಲ್ಬರ್ನ್ ಎಂಬ ಬಾಲಕನನ್ನು ಲಂಡನ್ನಿನಲ್ಲಿ ಪರೀಕ್ಷಿಸಿದಾಗ ಈ ಸಂಖ್ಯೆಯ ಅಪವರ್ತನಗಳನ್ನು ಆತ ಬಾಯಲ್ಲೇ ಹೇಳಿದನೆಂದು ದಾಖಲೆಯಿದೆ.

ಇತರ ಫರ್ಮಾ ಸಂಖ್ಯೆಗಳೊಡನೆ ಇದಕ್ಕೆ ಏನು ಸಂಬಂಧ?

ಇದರಿಂದ ಎರಡನ್ನು ಕಳೆಯಿರಿ. ಉಳಿಯುವ 2³² − 1 ಅಥವಾ 4294967295 ಎಂಬುದು ಹಿಂದಿನ ಐದು ಫರ್ಮಾ ಸಂಖ್ಯೆಗಳ ಗುಣಲಬ್ಧ: 3 × 5 × 17 × 257 × 65537. ವರ್ಗಗಳ ವ್ಯತ್ಯಾಸದ ಸೂತ್ರವನ್ನು ಮತ್ತೆ ಮತ್ತೆ ಬಳಸಿದರೆ ಇದು ತಾನಾಗಿ ಬರುತ್ತದೆ. ಹಿಂದಿನ ಯಾವುದಾದರೂ ಫರ್ಮಾ ಸಂಖ್ಯೆಗೂ 4294967297ಕ್ಕೂ ಸಾಮಾನ್ಯ ಅಪವರ್ತನವಿದ್ದರೆ ಅದು ಆ ಗುಣಲಬ್ಧಕ್ಕೂ ನಮ್ಮ ಸಂಖ್ಯೆಗೂ ನಡುವಿನ ವ್ಯತ್ಯಾಸವಾದ 2ನ್ನೂ ಭಾಗಿಸಬೇಕಾಗುತ್ತದೆ. ಫರ್ಮಾ ಸಂಖ್ಯೆಗಳೆಲ್ಲ ಬೆಸವಾದ್ದರಿಂದ ಅದು ಅಸಾಧ್ಯ. ಗೋಲ್ಡ್‌ಬಾಖ್ ಅವರು 1730ರಲ್ಲಿ ಗಮನಿಸಿದ ಈ ಸಂಗತಿಯಿಂದಲೇ ಅವಿಭಾಜ್ಯ ಸಂಖ್ಯೆಗಳು ಅನಂತವೆಂಬುದೂ ಸಿದ್ಧಿಸುತ್ತದೆ, ಏಕೆಂದರೆ ಪ್ರತಿಯೊಂದು ಫರ್ಮಾ ಸಂಖ್ಯೆಯೂ ಹಿಂದೆ ಎಲ್ಲಿಯೂ ಬಾರದ ಒಂದು ಹೊಸ ಅವಿಭಾಜ್ಯವನ್ನಾದರೂ ತರುತ್ತದೆ. ನಮ್ಮ ಸಂಖ್ಯೆ ಎರಡನ್ನು ತಂದಿತು.

ಕೈವಾರ ಮತ್ತು ಅಳತೆಪಟ್ಟಿಯ ರಚನೆಗಳಿಗೂ ಈ ಸಂಖ್ಯೆಗೂ ನಂಟಿದೆಯೆನ್ನುವುದು ನಿಜವೇ?

ನಿಜ. ಬೆಸ ಸಂಖ್ಯೆಯ ಬಾಹುಗಳಿರುವ ನಿಯಮಿತ ಬಹುಭುಜವನ್ನು ಕೈವಾರ ಮತ್ತು ಗುರುತುಗಳಿಲ್ಲದ ಅಳತೆಪಟ್ಟಿಯಿಂದ ರಚಿಸಬೇಕಾದರೆ ಬಾಹುಗಳ ಸಂಖ್ಯೆ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಗೌಸ್ ಅವರು 1796ರಲ್ಲಿ 17 ಬಾಹುಗಳ ಬಹುಭುಜದಿಂದ ಈ ಅಧ್ಯಾಯವನ್ನು ತೆರೆದರು. ಷರತ್ತು ಅನಿವಾರ್ಯವೆಂಬುದರ ಸಾಧನೆಯನ್ನು ವಾಂಟ್ಸೆಲ್ 1837ರಲ್ಲಿ ಕೊಟ್ಟರು. ಗೊತ್ತಿರುವ ಐದು ಫರ್ಮಾ ಅವಿಭಾಜ್ಯಗಳಿಂದ 31 ಗುಣಲಬ್ಧಗಳು ಸಿಗುತ್ತವೆ, ಅವುಗಳಲ್ಲಿ ಅತಿ ದೊಡ್ಡದು 4294967295. ಅದಕ್ಕಿಂತ ಎರಡೇ ಹೆಚ್ಚಿರುವ 4294967297 ಬಾಹುಗಳ ಬಹುಭುಜವನ್ನು ಮಾತ್ರ ರಚಿಸಲಾಗದು: 641ರಿಂದ ಒಂದು ಕಳೆದರೆ ಬರುವ 640ಕ್ಕೆ 5 ಎಂಬ ಅಪವರ್ತನವಿದೆ, ಆದ್ದರಿಂದ 640 ಎರಡರ ಘಾತವಲ್ಲ, 641 ಫರ್ಮಾ ಅವಿಭಾಜ್ಯವೂ ಅಲ್ಲ.

ಇದರೊಳಗೆ ಅಡಗಿರುವ ಇನ್ನೊಂದು ವಿನ್ಯಾಸವನ್ನು ಹೇಳದೆ ಮುಂದೆ ಹೋಗಲಾಗದು. ಮೇರು ಪ್ರಸ್ತಾರದಲ್ಲಿ, ಅಂದರೆ ಅಂಚುಗಳಲ್ಲಿ 1 ಇದ್ದು ಒಳಗಿನ ಪ್ರತಿ ಸಂಖ್ಯೆಯೂ ಮೇಲಿನ ಎರಡರ ಮೊತ್ತವಾಗಿರುವ ಪಾಸ್ಕಲ್ ತ್ರಿಭುಜದಲ್ಲಿ, ಬೆಸ ಸಂಖ್ಯೆಗಳಿರುವೆಡೆ 1ನ್ನೂ ಸಮ ಸಂಖ್ಯೆಗಳಿರುವೆಡೆ 0ಯನ್ನೂ ಬರೆದು, ಪ್ರತಿಯೊಂದು ಸಾಲನ್ನೂ ದ್ವಿಮಾನ ಸಂಖ್ಯೆಯಾಗಿ ಓದಿದರೆ 1, 3, 5, 15, 17, 51, 85, 255, 257 ಹೀಗೆ ಸಾಗುತ್ತದೆ. ಮೊದಲ 1ನ್ನು ಬಿಟ್ಟರೆ ಮುಂದಿನ 31 ಸಾಲುಗಳು ಆ ರಚನಾಯೋಗ್ಯ ಸಂಖ್ಯೆಗಳೇ, ಒಂದೂ ತಪ್ಪದೆ, ಏರಿಕೆಯ ಕ್ರಮದಲ್ಲಿ. ಕೊನೆಯ ಸಾಲು ಮೂವತ್ತೆರಡು 1ಗಳ 4294967295. ಅದರ ಮುಂದಿನ ಸಾಲೇ ಎರಡು ತುದಿಗಳಲ್ಲಿ ಮಾತ್ರ 1 ಇರುವ 4294967297. ಹೊಂದಾಣಿಕೆ ಮುರಿಯುವುದು ಸರಿಯಾಗಿ ಅಲ್ಲಿಯೇ.

ಗಣಕಯಂತ್ರಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆಯೇ?

ಮೂವತ್ತೆರಡು ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಚಿಹ್ನೆರಹಿತ ಪೂರ್ಣಸಂಖ್ಯೆ 4294967295. ನಮ್ಮ ಸಂಖ್ಯೆ ಅದನ್ನು ಎರಡರಿಂದ ಮೀರುವುದರಿಂದ, ಅಂಥ ಜಾಗದಲ್ಲಿ ಅದನ್ನು ತುಂಬಿಸಿದರೆ ಉಳಿಯುವುದು 1 ಮಾತ್ರ. ಅಪವರ್ತಿಸುವ ಪ್ರೋಗ್ರಾಂಗಳನ್ನು ಬರೆಯುವವರು ಈ ಕಾರಣಕ್ಕೆ 64 ಬಿಟ್‌ಗಳ ಪೂರ್ಣಾಂಕವನ್ನು ಬಳಸಬೇಕು.

ಈ ಸಂಖ್ಯೆಯ ನಂತರದ ಫರ್ಮಾ ಸಂಖ್ಯೆಗಳ ಕಥೆ ಏನಾಯಿತು?

ಇದರಾಚೆ ಒಂದೇ ಒಂದು ಫರ್ಮಾ ಅವಿಭಾಜ್ಯವೂ ಈವರೆಗೆ ಸಿಕ್ಕಿಲ್ಲ. ಆರನೆಯದಾದ 18446744073709551617ಕ್ಕೆ 274177 ಮತ್ತು 67280421310721 ಎಂಬ ಅಪವರ್ತನಗಳಿವೆ; ಕ್ಲೌಸನ್ ಅವರು 1855ರಲ್ಲೂ, ಅವರ ಕೆಲಸದ ಅರಿವಿಲ್ಲದೆ ಲಾಂದ್ರಿ ಅವರು 1880ರಲ್ಲೂ ಅವನ್ನು ಕಂಡುಕೊಂಡರು. ಏಳನೆಯದನ್ನು 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್, ಎಂಟನೆಯದನ್ನು 1980ರಲ್ಲಿ ಬ್ರೆಂಟ್ ಮತ್ತು ಪೊಲಾರ್ಡ್ ಒಡೆದರು. ಒಂಬತ್ತನೆಯದು 1990ರಲ್ಲಿ, ಹನ್ನೊಂದನೆಯದು 1988ರಲ್ಲಿ, ಹತ್ತನೆಯದು 1995ರಲ್ಲಿ ಪೂರ್ತಿಯಾಗಿ ಒಡೆಯಿತು. ಹನ್ನೊಂದು ಹತ್ತಕ್ಕಿಂತ ಮೊದಲು ಬಂದದ್ದಕ್ಕೆ ಕಾರಣ, ಅದರ ಒಂದನ್ನು ಬಿಟ್ಟು ಉಳಿದ ಅಪವರ್ತನಗಳೆಲ್ಲ ಚಿಕ್ಕವಾಗಿದ್ದುದು. ಐದರಿಂದ ಮೂವತ್ತೆರಡರವರೆಗಿನ ಎಲ್ಲವೂ ಸಂಯುಕ್ತವೆಂದು ಗೊತ್ತಿದೆ. ಅವುಗಳಲ್ಲಿ ಇಪ್ಪತ್ತನೆಯದು ಮತ್ತು ಇಪ್ಪತ್ತನಾಲ್ಕನೆಯದು ವಿಶೇಷ: ಪೆಪಾನ್ ಪರೀಕ್ಷೆಯಿಂದ ಸಂಯುಕ್ತವೆಂದು ತಿಳಿದಿದ್ದರೂ ಅವುಗಳ ಒಂದು ಅಪವರ್ತನವೂ ಯಾರ ಕೈಗೂ ಸಿಕ್ಕಿಲ್ಲ. ಮೂವತ್ತಮೂರನೆಯದಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳಿವೆ, ಅದು ಅವಿಭಾಜ್ಯವೋ ಸಂಯುಕ್ತವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಇದು ಸಂಯುಕ್ತವಾಗಿರುವುದರಿಂದ ಗಣಿತಕ್ಕೆ ಏನಾದರೂ ಲಾಭವಾಗಿದೆಯೇ?

ಆಗಿದೆ, ಮತ್ತು ಅದು ತಿಳಿದವರ ಸಂಖ್ಯೆ ಇರಬೇಕಾದುದಕ್ಕಿಂತ ಕಡಿಮೆ. 1960ರಲ್ಲಿ ವಾಚ್ವಾಫ್ ಸಿಯರ್ಪಿನ್‌ಸ್ಕಿ ಅವರು ಒಂದು ಪ್ರಶ್ನೆಯನ್ನು ಬಗೆಹರಿಸಿದರು: ‘ಕ’ ಎಂಬ ಬೆಸ ಸಂಖ್ಯೆಯನ್ನು ಎರಡರ ಯಾವುದೇ ಘಾತದಿಂದ ಗುಣಿಸಿ ಒಂದನ್ನು ಕೂಡಿಸಿದರೂ ಅವಿಭಾಜ್ಯ ಎಂದೂ ಬರದಂಥ ‘ಕ’ಗಳು ಇವೆಯೇ? ಇವೆ, ಅನಂತವಾಗಿ ಇವೆ ಎಂದು ಅವರು ಸಾಧಿಸಿದರು. ಆ ಸಾಧನೆ ಪೂರ್ತಿಯಾಗಿ ನಿಂತಿರುವುದು 4294967297 ಒಂದಲ್ಲ ಎರಡು ಅವಿಭಾಜ್ಯಗಳನ್ನು ಕೊಡುತ್ತದೆ ಎಂಬುದರ ಮೇಲೆ.

ಯೋಜನೆ ಹೀಗಿದೆ. ‘ಕ’ವನ್ನು 3, 5, 17, 257, 65537 ಮತ್ತು 641 ಈ ಆರರಿಂದ ಭಾಗಿಸಿದಾಗಲೂ ಶೇಷ 1, 6700417ರಿಂದ ಭಾಗಿಸಿದಾಗ ಮಾತ್ರ ಶೇಷ −1 ಬರುವಂತೆ ಆರಿಸಿಕೊಳ್ಳಬೇಕು, ಚೀನೀ ಶೇಷ ಪ್ರಮೇಯದ ಪ್ರಕಾರ ಅಂಥ ಬೆಸ ಸಂಖ್ಯೆಗಳು ಅನಂತ. ಈಗ ಘಾತಾಂಕ ಬೆಸವಾದರೆ ಫಲಿತಾಂಶವನ್ನು 3 ಭಾಗಿಸುತ್ತದೆ. ಘಾತಾಂಕವು 2ರ ಬೆಸ ಅಪವರ್ತ್ಯವಾದರೆ 5, 4ರ ಬೆಸ ಅಪವರ್ತ್ಯವಾದರೆ 17, 8ರದಾದರೆ 257, 16ರದಾದರೆ 65537, 32ರದಾದರೆ 641 ಭಾಗಿಸುತ್ತದೆ. ಇಷ್ಟರಲ್ಲಿ ಉಳಿದುಕೊಳ್ಳುವುದು 64ರ ಅಪವರ್ತ್ಯವಾದ ಘಾತಾಂಕಗಳು ಮಾತ್ರ. ಅಲ್ಲಿ ಎರಡರ ಘಾತದ ಶೇಷ 1, ‘ಕ’ದ ಶೇಷ −1, ಕೂಡಿಸುವ ಒಂದರೊಡನೆ ಸೇರಿ ಸೊನ್ನೆಯಾಗುತ್ತದೆ, ಭಾಗಿಸುವ ಸಂಖ್ಯೆ 6700417. ಒಂದು ಘಾತಾಂಕವೂ ತಪ್ಪಿಸಿಕೊಳ್ಳುವುದಿಲ್ಲ. ‘ಕ’ ಸಾಕಷ್ಟು ದೊಡ್ಡದಾಗಿದ್ದರೆ ಫಲಿತಾಂಶವೇ ಆ ಭಾಜಕವಾಗಿಬಿಡುವ ಭಯವೂ ಇಲ್ಲ.

ಫರ್ಮಾ ಅವರ ನಂಬಿಕೆ ನಿಜವಾಗಿದ್ದು ಈ ಸಂಖ್ಯೆ ಒಂದೇ ಅವಿಭಾಜ್ಯವಾಗಿದ್ದರೆ, ಕೊನೆಯ ಗುಂಪಿನ ಘಾತಾಂಕಗಳನ್ನು ಹಿಡಿಯಲು ಏಳನೆಯ ಭಾಜಕವೇ ಸಿಗುತ್ತಿರಲಿಲ್ಲ, ಈ ಸಾಧನೆ ಅಲ್ಲಿಗೆ ನಿಲ್ಲುತ್ತಿತ್ತು. ಇಂಥ ಸಂಖ್ಯೆಗಳಿಗೆ ಈಗ ಸಿಯರ್ಪಿನ್‌ಸ್ಕಿ ಸಂಖ್ಯೆಗಳೆಂದು ಹೆಸರು. ಬೇರೊಂದು ಭಾಜಕಗಳ ಗುಂಪನ್ನು ಬಳಸಿ ಜಾನ್ ಸೆಲ್ಫ್ರಿಡ್ಜ್ ಅವರು 1962ರಲ್ಲಿ 78557 ಅಂಥದ್ದೊಂದು ಎಂದು ತೋರಿಸಿದರು; ಅದಕ್ಕಿಂತ ಚಿಕ್ಕದು ಇದೆಯೇ ಎಂಬುದರ ಹುಡುಕಾಟ ಇನ್ನೂ ನಡೆದಿದೆ.